ಹಾಡು ನಿಂತ ಮೇಲೆ

ಕೊಟ್ಟೂರು
12-8-1998

ಚಿ. ಸೌ. ಹಾಲಮ್ಮಳಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಗಂಟಲೊಂದನ್ನು ಬಿಟ್ಟು. ಅದರಲ್ಲಿ ಗಂಟಾಗಿತ್ತು, ದಾವಣಗೆರೆಯಲ್ಲಿ ತೆಗೆಸಿದೆವು. ಕೆಟ್ಟದ್ದೇನಲ್ಲವಂತೆ. ಆದರೆ ಡಾಕ್ಟರು, “ಎರಡು ತಿಂಗಳು ಪಿಟ್ ಅನ್ನಂಗಿಲ್ಲ ನೋಡ್ರಿ” ಎಂದಿದ್ದಾರೆ.

ಮೂವತ್ತು ವರ್ಷ ಭಜನೆಯಲ್ಲಿ ಶಿವನನ್ನು ಕೂಗಿ ಕರೆದವಳು ನಾನು. ಹಾಡದೆ ಎಂಥ ಪೂಜೆ ಎಂದು ಮೊದಮೊದಲು ಅಳುತ್ತಿದ್ದೆ. ಬೇರೆ ದಾರಿಯಿಲ್ಲದೆ ದಿನಾ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತೆ. ಇಪ್ಪತ್ತು ದಿನವಾದ ಮೇಲೆ ನನ್ನೊಳಗೇ ಒಂದು ದನಿ ಕೇಳಿತು: “ಅವತ್ತು ಹಾಲಮ್ಮನ ಸೀರಿ ತೊಯ್ದಿತ್ತು. ನೀ ನೋಡಿದ್ದಿ.”

ಹೌದು, ನೋಡಿದ್ದೆ. ಅವ್ವ ತೀರಿಕೊಂಡ ದಿನ ನಿಮ್ಮೂರು ಹಂಪಸಾಗರದಿಂದ ಬರುವ ಬಸ್ಸು ಮಳೆಗೆ ದಾರಿಯಲ್ಲೇ ನಿಂತು, ನೀನು ಹಳ್ಳ ದಾಟಿ ನಡೆದು ಬಂದಿದ್ದೆ. ಸೀರೆ ಸೊಂಟದವರೆಗೆ ಒದ್ದೆಯಾಗಿತ್ತು. ಅದನ್ನು ಕಂಡೂ ನಾನು ನೆರೆದವರ ಮುಂದೆ, “ಮಣ್ಣು ಮಾಡಿದ ಮ್ಯಾಲ ಬಂದಿ, ಇನ್ಯಾರನ್ನ ನೋಡಾಕ?” ಎಂದುಬಿಟ್ಟೆ. ನೀನು ಬಂದ ಕಾಲಲ್ಲೇ ತಿರುಗಿ ಹೋದೆ. ಆರು ವರ್ಷವಾಯಿತು. ತಪ್ಪು ನನ್ನದು, ತಂಗಿ.

ಈ ಮಾತು ಬರೆಯುವಾಗ ಶಿವ ನನ್ನ ಪಕ್ಕದಲ್ಲೇ ಕುಳಿತಂತಿದೆ. ಅಷ್ಟು ವರ್ಷ ಹಾಡಿದರೂ ಒಮ್ಮೆಯೂ ಹೀಗೆ ಅನಿಸಿರಲಿಲ್ಲ.

ಬರುವ ಸೋಮವಾರ ಬಾ. ನಿನ್ನ ಭಾವ ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ನಾಲ್ಕು ದಿನ ಇರುವ ಹಾಗೆ ಬಟ್ಟೆ ತಾ. ನನ್ನನ್ನು ಬೈಯುವುದಿದ್ದರೆ ಮನಸಾರೆ ಬೈದುಬಿಡು. ಈ ಸಲ ಅಕ್ಕ ಪೂರ್ತಿ ಕೇಳಿಸಿಕೊಳ್ಳುತ್ತಾಳೆ.

ನಿನ್ನ ದಾರಿ ಕಾಯುವ
ಮರುಳಸಿದ್ದಮ್ಮ