ಬಾಯಿಗೆ ಬಾರದ ಹೆಸರು

ಮಾರ್ಚ್ ೧೧, ಮಂಗಳವಾರ

ಆ ಆದೇಶಕ್ಕೆ ಇನ್ನೂ ಸಹಿ ಹಾಕಿಲ್ಲ. ಸಹಿಗೆ ಕಹಿ ಎಂಬ ಪ್ರಾಸ ತಾನಾಗಿಯೇ ಬಂತು, ನಿದ್ದೆ ಮಾತ್ರ ಬರುತ್ತಿಲ್ಲ.

ಬೆಳಿಗ್ಗೆ ನಮ್ಮ ಟ್ರೇಡ್‌ಮಾರ್ಕ್ ಕಚೇರಿಗೆ ವಿಚಾರಣೆಗೆ ಬಂದಾಕೆ ಚಪ್ಪಲಿ ಹೊಲಿಯುವವಳು. ಒಂದು ಕಾಲು ಗಿಡ್ಡ ಇರುವವರಿಗೆಂದೇ ಒಂದು ಅಟ್ಟೆ ದಪ್ಪ ಇಟ್ಟು ಹೊಲಿಯುತ್ತಾಳೆ. ತಾನೂ ಅಂಥದ್ದನ್ನೇ ಮೆಟ್ಟಿ ಬಂದಿದ್ದಳು. ತನ್ನ ಚಪ್ಪಲಿಗೆ ಟ್ರೇಡ್‌ಮಾರ್ಕ್ ಆಗಿ ಕೇಳಿದ ಹೆಸರು ‘ಕುಂಟಿ’.

“ಇದು ಅವಮಾನದ ಮಾತಮ್ಮ, ನೋಂದಾಯಿಸೋಕೆ ಬರಲ್ಲ,” ಎಂದೆ.

“ಬೀದೀಲಿ ಕೂಗೋರಿಗೆ ಯಾರೂ ಹಾಗನ್ನಲಿಲ್ಲ ಸಾರ್. ಹುಟ್ಟಿದಾಗಿಂದ ಪುಕ್ಕಟೆ ಕರೆದ್ರು. ಈಗ ನಾನೇ ಬೋರ್ಡಿಗೆ ಹಾಕ್ಕೊಂಡ್ರೆ ನಿಮಗೆ ನಾಚಿಕೆಯಾ?”

ನಿಯಮ ನನ್ನ ಕಡೆಗಿತ್ತು; ಆದೇಶ ಕಳಿಸುತ್ತೇವೆ ಎಂದು ಕಡತ ಮುಚ್ಚಿದೆ.

ಮಧ್ಯಾಹ್ನ ನಿರಾಕರಣೆಯ ಆದೇಶ ಬರೆಸಲು ಕೂತೆ. ನಮ್ಮ ಟೈಪಿಸ್ಟ್ ಚಿಕ್ಕಂದಿನಿಂದ ಒಂದು ಕಾಲು ಎಳೆದು ನಡೆಯುವವಳು. ಆ ಪದದ ಹತ್ತಿರ ಬಂದಾಗ ನನ್ನ ಬಾಯಿ ಕಟ್ಟಿತು. “ಸದರಿ ಹೆಸರು” ಎಂದೆ.

“ಯಾವ ಹೆಸರು ಅಂತ ಹೇಳಿ ಸಾರ್, ಟೈಪ್ ಮಾಡಬೇಕಲ್ಲ.”

ಕಡತವನ್ನೇ ಅವಳತ್ತ ತಿರುಗಿಸಿದೆ. ನೋಡಿದಳು, ಟೈಪ್ ಮಾಡಿದಳು.

“ಬೇಡ ಅಂದಿದ್ದು ಒಳ್ಳೇದಾಯ್ತು. ಆ ಹೆಸರಿನ ಚಪ್ಪಲಿ ಡಬ್ಬ ಹಿಡ್ಕೊಂಡು ನಾನಂತೂ ಬಸ್ ಹತ್ತಲ್ಲ.”

ಎದೆಯ ಭಾರ ಇಳಿಯಿತು. ನಿಯಮ ಇರುವುದೇ ಇಂಥವರಿಗಾಗಿ ಅಲ್ಲವೆ ಎಂದುಕೊಂಡು ಪೆನ್ನು ತೆಗೆದೆ.

ಬಾಗಿಲ ಹತ್ತಿರ ಹೋದವಳು ತಿರುಗಿ ಕೇಳಿದಳು: “ಆಕೆ ಅಂಗಡಿ ಎಲ್ಲಿದೆ ಸಾರ್? ನನ್ನ ಕಾಲಿಗೆ ಸರಿಹೋಗೋದನ್ನ ಇದುವರೆಗೂ ಯಾರೂ ಮಾಡಿಲ್ಲ.”

ಪೆನ್ನು ಮುಚ್ಚಿದೆ. ವಿಳಾಸ ಓದಿ ಹೇಳಿದೆ, ಅದಕ್ಕೆ ನಾಲಿಗೆ ತಡವರಿಸಲಿಲ್ಲ.

ನಾಳೆ ಸಹಿ ಹಾಕಲೇಬೇಕು. ಇಬ್ಬರ ಮಾತೂ ಸರಿ. ಕಾಯ್ದೆಯ ಹತ್ತಿರ ಇರುವುದು ಮಾತ್ರ ಎರಡೂ ಅಟ್ಟೆ ಸಮವಿರುವ ಒಂದೇ ಜೋಡಿ ಚಪ್ಪಲಿ.