ಅಕ್ಕ ಜೋಡಿಸಿಟ್ಟ ಚೀಲ

ಅಕ್ಕನವರಿಗೆ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ಬೇಕರಿಯ ವ್ಯಾನು ಓಡಿಸುವವಳು ನಾನು. ಬೇಸಿಗೆಯ ಶುರುವಿನಲ್ಲಿ ಮೂರಂತಸ್ತಿನ ಕೇಕ್ ಹೊತ್ತು ಹೋಗುವಾಗ, ದಾರಿಯಲ್ಲಿ ನಿಲ್ಲಿಸಿದ ವ್ಯಾನು ಮತ್ತೆ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಕೈಕೊಟ್ಟಿತ್ತು, ಕ್ರೀಮು ಕರಗತೊಡಗಿತ್ತು. ಆಗ ಕಾರು ನಿಲ್ಲಿಸಿದವರು ನಿಮ್ಮ ತಮ್ಮ, ಗಣಿತದ ಮೇಷ್ಟ್ರು.

"ಡಿಕ್ಕೀಲಿ ಅಕ್ಕ ಒಂದು ಚೀಲ ಇಟ್ಟಿದ್ದಾಳೆ. ಒಳಗೇನಿದೆ ಅಂತ ದೇವರಾಣೆ ಗೊತ್ತಿಲ್ಲ," ಅಂದರು.

ಬಿಚ್ಚಿದರೆ ಟಾರ್ಚು, ನಟ್ಟು ಬಿಚ್ಚುವ ಪಾನಾ, ಬ್ಯಾಂಡೇಜು, ಕೊಡೆ, ಬಿಸ್ಕತ್ತು, ಅಡಿಯಲ್ಲಿ ನೀಟಾಗಿ ಸುತ್ತಿಟ್ಟ ಜಂಪರ್ ಕೇಬಲ್. ಅವರ ಕಾರಿನ ಬ್ಯಾಟರಿಯಿಂದ ನನ್ನ ವ್ಯಾನಿನ ಬ್ಯಾಟರಿಗೆ ಕೇಬಲ್ ಹಾಕಿದ್ದು ನಾನೇ. ಮೇಷ್ಟ್ರು ವ್ಯಾನಿನ ಕಿಟಕಿಯಿಂದ ಕೇಕಿಗೆ ಬಿಸಿಲು ತಾಗದಂತೆ ಕೊಡೆ ಹಿಡಿದು ನಿಂತರು. ವ್ಯಾನು ಗುರ್ ಎಂದಾಗ ನನಗಿಂತ ಅವರೇ ಹೆಚ್ಚು ಹಿಗ್ಗಿದರು. ಕೇಕ್ ಹೊತ್ತಿಗೆ ಸರಿಯಾಗಿ ತಲುಪಿತು.

ಅಂದು ನಾವಿಬ್ಬರೂ ತಿಂದು ಮುಗಿಸಿದ ಬಿಸ್ಕತ್ತಿನ ಬದಲು ಬೇರೆ ಕೊಡುವ ನೆಪದಲ್ಲಿ ಆಮೇಲೆ ಹಲವು ಸಲ ಭೇಟಿಯಾದೆವು. ಈಗ ನೆಪವೇ ಬೇಕಾಗುತ್ತಿಲ್ಲ.

ಅವರನ್ನು ತಾಯಿಯಂತೆ ಸಾಕಿದವರು ನೀವು. ನಮ್ಮ ಮದುವೆಯ ಮಾತೆತ್ತಲು ಅವರಿಗೆ ನಿಮ್ಮೆದುರು ನಾಲಿಗೆ ಏಳುತ್ತಿಲ್ಲವಂತೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಭಾನುವಾರ ಮನೆಗೆ ಬರಲೇ? ಒಪ್ಪಿದರೆ ಅವರಿಗೆ ಮಾತ್ರ ಮೊದಲೇ ಹೇಳಬೇಡಿ. ಗಾಬರಿಯಲ್ಲಿ ಅಲ್ಲಿಯವರೆಗೆ ಊಟ ಬಿಟ್ಟಾರು.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಬೇಕರಿ ವ್ಯಾನಿನವಳು