ಮುಡಿಯ ಮೇಲೆ ಮಲಗುತ್ತಿದ್ದ ಬೆಕ್ಕು

ಕಲ್ಲುಗುಂಡಿ
೧೪-೬-೧೯೬೩

ಚಿ. ಸೌ. ಲೋಲಾಕ್ಷಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಸೋಮವಾರದಿಂದ ಎರಡು ಸಲ ಬರೆಯಲು ಕುಳಿತು ಎದ್ದೆ, ಕ್ಷಮಿಸು ಮಗಳೇ. ಮೊದಲು ಒಂದು ಮಾತು. ನಾನು ನೆಲ್ಯಾಡಿಗೆ, ನಿನ್ನ ಅತ್ತೆಮನೆಗೆ, ಬೈಹುಲ್ಲಿನ ಮುಡಿ ಕಟ್ಟಿ ತಂದುಕೊಟ್ಟ ಅಕ್ಕಿಯನ್ನು ಇನ್ನು ಒಂದು ಹಿಡಿಯೂ ಬೇಯಿಸಬೇಡ. ಕೋಳಿಗೂ ಹಾಕಬೇಡ. ಅದರಲ್ಲಿ ಒಂದು ಹುಳವೂ ಇಲ್ಲವೆಂದು ನಿನ್ನ ಅತ್ತೆ ಹೊಗಳಿದರಂತೆ. ಆ ಸಾಲನ್ನು ಈಗ ಓದಲಾಗುವುದಿಲ್ಲ.

ಗದ್ದೆಯ ಹುಳಕ್ಕೆಂದು ತಂದ ಹುಡಿಯನ್ನೇ ಮುಡಿ ಕಟ್ಟುವಾಗ ಬೈಹುಲ್ಲಿನ ಒಳಗೂ ಹೊರಗೂ ಉದುರಿಸಿದ್ದೆ. ನಮ್ಮ ಬಿಳಿ ಬೆಕ್ಕು ಇಲಿಗೆ ಕಾದು ಆ ಮುಡಿಗಳ ಮೇಲೆಯೇ ಮಲಗುತ್ತಿತ್ತು. ಸ್ವಲ್ಪ ದಿನದಲ್ಲಿ ಅದರ ನಡಿಗೆ ಕೆಟ್ಟಿತು. ನಾಲ್ಕು ಹೆಜ್ಜೆ ಇಟ್ಟರೆ ಎರಡು ಅಡ್ಡಕ್ಕೆ, ಮೈಯೆಲ್ಲ ನಡುಕ. ನನ್ನ ಬಾಯಿ ನಿನಗೆ ಗೊತ್ತಲ್ಲ, ಕುಡುಕ ಬೆಕ್ಕಿನ ಕಥೆ ಕಟ್ಟಿ ಊರಿಗೆಲ್ಲ ಹೇಳಿದೆ. ಅಂಗಡಿಯ ಆದಂ ಕುಂಞಿ, "ಬೋಜಪ್ಪಣ್ಣ, ಪಾನನಿರೋಧದ ಪೊಲೀಸರು ಬೆಕ್ಕನ್ನು ಹಿಡಿಯುದಿಲ್ಲ, ಕಳ್ಳು ಕೊಟ್ಟವನನ್ನು ಹಿಡಿಯುದು" ಎಂದ. ನಾನೂ ನಕ್ಕೆ. ಬೆಕ್ಕು ಸತ್ತಿತು. ವಯಸ್ಸಾಗಿತ್ತು ಎಂದೆ.

ಆಮೇಲೆ ನಿನ್ನ ಅಮ್ಮನಿಗೆ ತಲೆಸುತ್ತು, ಕೈನಡುಕ. ಮುಡಿ ಬಿಚ್ಚಿ ಅಕ್ಕಿ ಕೇರುವವಳು ಅವಳಲ್ಲವೇ. ಸೋಮವಾರ ಪುತ್ತೂರಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಕಾಯುತ್ತಿದ್ದವರಿಗೆ ಅಲ್ಲಿಯೂ ಅದೇ ಕಥೆ ಹೇಳಿದೆ. ಎಲ್ಲರೂ ನಕ್ಕರು, ಡಾಕ್ಟರು ನಗಲಿಲ್ಲ.

"ಆ ಬೆಕ್ಕು ಮಲಗುದು ಎಲ್ಲಿ ಮಾರಾಯ್ರೆ?"

"ಅಕ್ಕಿಮುಡಿಯ ಮೇಲೆ."

"ಮುಡಿಗೆ ಎಂತ ಹಾಕಿದ್ದೀರಿ?"

ಹೇಳಿದೆ. ಅವರು ನಿನ್ನ ಅಮ್ಮನ ಕೈ ಹಿಡಿದುಕೊಂಡೇ, "ಬೆಕ್ಕು ಮೈ ನೆಕ್ಕಿ ವಿಷ ತಿಂದದ್ದು. ಇವರು ಅದನ್ನೇ ಉಣ್ಣುದು" ಎಂದರು.

ಉಳಿದ ಮುಡಿಗಳನ್ನು ಬಾವಿಯಿಂದ ದೂರ ಹೊಂಡ ತೆಗೆದು ಹುಗಿದಿದ್ದೇನೆ. ಅಮ್ಮನ ನಡುಕ ಕಡಿಮೆಯಾಗಿದೆ. ನಿನಗೆ ಐದು ತಿಂಗಳು. ತಲೆಸುತ್ತು ಉಂಟೋ, ಕೈ ನಡುಗುತ್ತದೋ, ಕೂಡಲೇ ಬರೆ. ಬರೆಯುವ ಮೊದಲು ಡಾಕ್ಟರಿಗೆ ತೋರಿಸು. ದೇವರು ನಿನ್ನನ್ನೂ ಹೊಟ್ಟೆಯಲ್ಲಿರುವುದನ್ನೂ ಕಾಯಲಿ.

ನಿನ್ನ ಅಪ್ಪ,
ಬೋಜಪ್ಪ

ತಾ.ಕ.: ಬೆಕ್ಕನ್ನು ಹುಗಿದದ್ದು ನಿನ್ನಲ್ಲಿಗೆ ಮುಡಿ ತಂದ ದಿನವೇ, ಬೆಳಿಗ್ಗೆ. "ಬಸುರಿ ಉಣ್ಣುವ ಅಕ್ಕಿ, ಇದು ಬೇಡ" ಎಂದು ನಿನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಬೀಗರ ಮನೆಗೆ ಬರಿಗೈಯಲ್ಲಿ ಹೋಗುದಾ?" ಎಂದು ಗದರಿದೆ. ಮುಡಿಯ ಮೇಲಿನ ಹುಡಿಯನ್ನು ನನ್ನ ಹೆಗಲ ಬೈರಾಸಿನಿಂದಲೇ ಒರೆಸಿ ಬಸ್ಸಿಗೆ ಹಾಕಿದೆ. ಅತ್ತೆಗೆ ಕಾಗದ ಓದಿ ಹೇಳುವಾಗ ಇದನ್ನು ಬಿಡಬೇಡ.